ನೂರಡಿಗೆ ಮೂರು ಕೇಜಿ

ನಮ್ಮ ಅಂಗಡಿಗೆ ಬಂದವರು ಮೊದಲು ಕೇಳುತ್ತಿದ್ದದ್ದು ಪೈಪನ್ನೂ ಅಲ್ಲ, ಮೋಟರನ್ನೂ ಅಲ್ಲ, ಗಂಡಸನ್ನು. "ಯಾರಾದ್ರೂ ಗಂಡಸ್ರಿದ್ರೆ ಕರೀರಮ್ಮ" ಅನ್ನುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ನಾನು ಕೂತಿರುತ್ತಿದ್ದೆ. ಕಣ್ಣಿಗೆ ಬೀಳದಷ್ಟು ಸಣ್ಣವಳೇನಲ್ಲ. ಆದರೂ ಅವರ ದೃಷ್ಟಿ ನನ್ನ ತಲೆಯ ಮೇಲಿಂದ ಹಾದು, ಹಿಂದಿನ ಗೋಡೌನಿನೊಳಗೆ ಒಂದು ಮೀಸೆಯನ್ನು ಹುಡುಕುತ್ತಿತ್ತು. ಮದುವೆಯಾಗಿ ಆ ಅಂಗಡಿಗೆ ಕಾಲಿಟ್ಟ ಮೊದಲ ವರ್ಷ ನನಗೆ ನಾಚಿಕೆಯಾಗುತ್ತಿತ್ತು. ಎರಡನೇ ವರ್ಷದಿಂದ ಸಿಟ್ಟು ಬರತೊಡಗಿತು. ಅದು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಅಂಗಡಿ ಇದ್ದದ್ದು ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಮನೆಗಳ ಬೀದಿ ಮುಗಿಯುವ ಕಡೆ. ಬೋರ್‌ವೆಲ್ಲಿಗೆ ಬೇಕಾದ ಮೋಟರು, ಕೇಬಲ್ಲು, ಪೈಪು, ಸ್ಟಾರ್ಟರು ಎಲ್ಲ ಮಾರುತ್ತಿದ್ದೆವು. ಹಗಲಿಡೀ ಪವರ್‌ಲೂಮಿನ ಸದ್ದು ಗೋಡೆ ತೂರಿ ಬರುತ್ತಿತ್ತು. ಅದರ ನಡುವೆ ಮಾತು ಕೇಳಿಸಬೇಕಾದರೆ ಕೂಗಲೇಬೇಕು. ನನ್ನ ಗಂಟಲು ದೊಡ್ಡದಾದದ್ದು ಅಲ್ಲಿಯೇ. ನಮ್ಮ ಯಜಮಾನರು ಮೆತ್ತಗೆ ಮಾತಾಡುವ ಮನುಷ್ಯ, ಗಿರಾಕಿಯ ಮುಂದೆ ಇನ್ನೂ ಮೆತ್ತಗೆ. ಮೋಟರು ರಿಪೇರಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಲೆಕ್ಕ ಮಾತ್ರ ಅವರಿಗೆ ಹತ್ತುತ್ತಿರಲಿಲ್ಲ. ಹಾಗಾಗಿ ಲೆಕ್ಕ ನನ್ನ ಪಾಲಿಗೆ ಬಂತು.

ಕಲಿಸಿದವರು ಮಾವ. ಬೋರ್ ಲಾರಿಯ ಹಿಂದೆ ಊರೂರು ಸುತ್ತಿ, ವಯಸ್ಸಾದ ಮೇಲೆ ಅಂಗಡಿ ಇಟ್ಟವರು. ನಾನು ಪಿಯುಸಿಯಲ್ಲಿ ಸೈನ್ಸ್ ಓದಿದವಳು ಎಂದು ತಿಳಿದು ಒಂದು ದಿನ ಹತ್ತಿರ ಕರೆದರು. ಪೈಪಿನ ಮೇಲೆ ಅಚ್ಚಾಗಿದ್ದ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದರು. ಪೈಪಿಗೆ ಇಷ್ಟು ಕೇಜಿ ಅಂದರೆ ಅದರ ತೂಕವಲ್ಲ. ಒಳಗಿನ ನೀರು ಒಂದು ಉಗುರಗಲ ಜಾಗದ ಮೇಲೆ ಎಷ್ಟು ಕೇಜಿ ಭಾರ ಹೇರಿದರೂ ಒಡೆಯದೆ ತಡೆಯುತ್ತದೆ ಅನ್ನುವ ಅಳತೆ. ನಾಲ್ಕು ಕೇಜಿ ಪೈಪು, ಆರು ಕೇಜಿ ಪೈಪು, ಹತ್ತು ಕೇಜಿ ಪೈಪು. ಮೋಟರನ್ನು ಎಷ್ಟು ಆಳಕ್ಕೆ ಬಿಡುತ್ತೀವೋ ಅಷ್ಟು ಎತ್ತರದ ನೀರಿನ ಕಂಬ ಪೈಪಿನೊಳಗೆ ನಿಲ್ಲುತ್ತದೆ, ಅದರ ಭಾರವೆಲ್ಲ ಕೆಳಗಿನ ತುದಿಯ ಮೇಲೆ. "ನೂರಡಿಗೆ ಮೂರು ಕೇಜಿ, ಮೇಲೆ ಒಂದೆರಡು ಕೇಜಿ ದೇವ್ರಿಗೆ. ಇಷ್ಟು ತಲೇಲಿಟ್ಕೊ, ಸಾಕು" ಅಂದರು. ದೇವರ ಪಾಲಿನ ಆ ಒಂದೆರಡು ಕೇಜಿಯನ್ನು ಅವರು ಯಾವತ್ತೂ ಬಿಟ್ಟವರಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ನೀರು ಪೈಪನ್ನು ಒಳಗಿಂದ ಒದೆಯುತ್ತದೆ. ಆ ಒದೆತ ತಡೆಯಲು ಅದು ಬೇಕಿತ್ತು.

ಈ ಸೂತ್ರ ಇಲ್ಲದಿದ್ದರೆ ನಮ್ಮ ಕಸುಬಿನಲ್ಲಿ ಹುಚ್ಚು ಹಿಡಿಯುತ್ತಿತ್ತು. ಬೋರು ಕೊರೆಯುವುದು ಅಡಿಯಲ್ಲಿ. ಅದರ ಬಾಯಿ ಇಂಚಿನಲ್ಲಿ. ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಅನ್ನುವುದು ಮೀಟರಿನಲ್ಲಿ. ಮೋಟರಿನ ಶಕ್ತಿ ಕುದುರೆಯಲ್ಲಿ, ಪೈಪಿನ ತಾಕತ್ತು ಕೇಜಿಯಲ್ಲಿ, ಟ್ಯಾಂಕಿನ ನೀರು ಲೀಟರಿನಲ್ಲಿ. ಅಡಿ ಇಂಚು ಬಿಳಿಯರು ಬಿಟ್ಟುಹೋದದ್ದು. ಮೀಟರು ಕೇಜಿ ಸರ್ಕಾರ ತಂದದ್ದು. ಹಳೆಯದನ್ನು ಯಾರೂ ತೆಗೆಯಲಿಲ್ಲ, ಹೊಸದನ್ನು ಯಾರೂ ಪೂರ್ತಿ ಕಲಿಸಲಿಲ್ಲ, ಎರಡನ್ನೂ ಒಂದೇ ಗುಂಡಿಯೊಳಗೆ ಇಳಿಸಿ ಕೈತೊಳೆದುಕೊಂಡರು. ನನ್ನಂಥವಳು ದಿನಕ್ಕೆ ಇಪ್ಪತ್ತು ಸಲ ಇದನ್ನು ಅದಕ್ಕೆ, ಅದನ್ನು ಇದಕ್ಕೆ ತಿರುಗಿಸುತ್ತ ಕೂರಬೇಕಿತ್ತು. ತಿರುಗಿಸಿ ಹೇಳಿದ ಮೇಲೂ ಗಿರಾಕಿ, "ಯಾವ್ದಕ್ಕೂ ಅವ್ರು ಬರ್ಲಿ" ಎಂದು ಬೀಡಿ ಹಚ್ಚಿ ಕಾಯುತ್ತಿದ್ದ.

ಹಾಗೆ ಕಾಯದ ಗಿರಾಕಿ ಒಬ್ಬರೇ ಇದ್ದರು. ನನ್ನ ತವರು ಸಾಸಲು ಹೋಬಳಿಯ ಒಂದು ಸಣ್ಣ ಊರು. ಅಲ್ಲಿನ ನೀರುಗಂಟಿ, ಅಂದರೆ ಪಂಚಾಯ್ತಿ ಬೋರಿನ ಮೋಟರ್ ಹಾಕಿ ಬೀದಿಬೀದಿಗೆ ನೀರು ಬಿಡುವವರು, ಊರಿನ ವರಸೆಯಲ್ಲಿ ನನಗೆ ದೊಡ್ಡಪ್ಪ. ವಾಷರೋ ಸೆಣಬಿನ ದಾರವೋ ಬೇಕಾದಾಗ ಬಸ್ಸು ಹತ್ತಿ ನಮ್ಮ ಅಂಗಡಿಗೇ ಬರುತ್ತಿದ್ದರು. ಸ್ಟೂಲಿನ ಮೇಲೆ ಕೂತು ಟೀ ಕುಡಿದು, "ಇದ್ಯಾಕೆ ಮಗ್ಳೆ ಹಿಂಗೆ?" ಎಂದು ಏನಾದರೊಂದು ಕೇಳುತ್ತಿದ್ದರು. ಓದಿದ್ದು ಎರಡನೇ ಕ್ಲಾಸು. ನೂರಡಿಗೆ ಮೂರು ಕೇಜಿ ಅನ್ನುವುದನ್ನು ನನ್ನಿಂದ ಕಲಿತು ಊರಲ್ಲಿ ಕಂಡಕಂಡವರಿಗೆಲ್ಲ ಒಪ್ಪಿಸುತ್ತಿದ್ದರಂತೆ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಯಾವಾಗಲೂ ಹೆಗಲ ಮೇಲಿರುತ್ತಿತ್ತು, ಮದುವೆ ಮನೆಗೆ ಹೋದರೂ ಅದನ್ನು ಬಾಗಿಲ ಹಿಂದೆ ನಿಲ್ಲಿಸಿ ಊಟಕ್ಕೆ ಕೂರುತ್ತಿದ್ದರು. ಹೊಲವಿಲ್ಲ, ಮಕ್ಕಳಿಲ್ಲ. ಆ ಕೆಲಸವೊಂದು ಹೋದರೆ ಅವರಿಗೆ ಇನ್ನೇನೂ ಇರಲಿಲ್ಲ.

ಊರಿಗೆ ಆ ಬೋರೂ ಹಾಗೆಯೇ, ಅದು ಹೋದರೆ ಇನ್ನೊಂದಿಲ್ಲ. ಸುತ್ತ ನಾಲ್ಕಾರು ಬೋರಿದ್ದರೂ ಬೇಳೆ ಬೇಯುವ ನೀರು ಅದೊಂದರಲ್ಲೇ. ಬೇರೆ ನೀರಿಗೆ ಬೇಳೆ ಹಾಕಿದರೆ ಸೌದೆ ಮುಗಿಯುತ್ತದೆ, ಬೇಳೆ ಕಲ್ಲಾಗಿಯೇ ಇರುತ್ತದೆ. ಒಳಗಿದ್ದ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಕೆಂಪು ನೀರು ಬರತೊಡಗಿದಾಗ, ಪೈಪು ಮೋಟರು ಎರಡನ್ನೂ ಬದಲಿಸಲು ಪಂಚಾಯ್ತಿಯವರು ಒಬ್ಬ ಕಂಟ್ರಾಕ್ಟರನಿಗೆ ಕೆಲಸ ಕೊಟ್ಟರು.

ಅದು ದೇವನಹಳ್ಳಿ ಕಡೆ ಏರ್‌ಪೋರ್ಟ್ ಕಟ್ಟುತ್ತಿದ್ದ ಕಾಲ. ಆ ವರ್ಷಗಳಲ್ಲಿ ನಮ್ಮ ಕಡೆ ಒಂದು ಹುಚ್ಚು ಹಬ್ಬಿತ್ತು. ಯಾವ ಸಾಮಾನಿಗಾದರೂ "ಏರ್‌ಪೋರ್ಟ್ ಮಾಲು" ಅಂದರೆ ಮುಗಿಯಿತು, ಜನ ಮುಟ್ಟಿಯೂ ನೋಡದೆ ಒಪ್ಪುತ್ತಿದ್ದರು. ಪ್ಲೈವುಡ್ಡು, ಟೈಲ್ಸು, ವೈರು, ಕೊನೆಗೆ ಪ್ಲಾಸ್ಟಿಕ್ ಕುರ್ಚಿ ಕೂಡ. ಅಲ್ಲಿ ಕೆಲಸ ಮಾಡಿದವರು ಮಿಕ್ಕಿದ್ದನ್ನು ಮಾರಿದ್ದು ಎಂದು ಹೇಳಿ ತಂದು ಸುರಿಯುತ್ತಿದ್ದರು. ನಿಜವಾಗಿ ಅಲ್ಲಿಂದ ಬಂದದ್ದು ಎಷ್ಟೋ, ಗುಜರಿಯಿಂದ ಬಂದದ್ದು ಎಷ್ಟೋ, ಯಾರು ಕಂಡವರು. ಫಾರಿನ್ ಅಕ್ಷರ ಅಚ್ಚಾಗಿದ್ದರೆ ಬೆಲೆ ಇನ್ನೂ ಹೆಚ್ಚು. ನಮ್ಮ ಅಂಗಡಿಯ ಪೈಪನ್ನು ನೋಡಿ ಮೂಗು ಮುರಿದು, "ಏರ್‌ಪೋರ್ಟ್ ಮಾಲು ಇಲ್ವಾ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ.

ಆ ಕಂಟ್ರಾಕ್ಟರ್ ಹಿಂದೆ ಜಮೀನು ಬ್ರೋಕರ್ ಆಗಿದ್ದವನು. ಭೂಮಿಯ ಮೇಲಿನದನ್ನೆಲ್ಲ ಮಾರಿ ಮುಗಿಸಿ ಭೂಮಿಯ ಕೆಳಗಿನ ಕೆಲಸಕ್ಕೆ ಇಳಿದಿದ್ದ. ಒಂದು ಬೆಳಿಗ್ಗೆ ಟೆಂಪೋದಲ್ಲಿ ಕಪ್ಪು ಪೈಪಿನ ದೊಡ್ಡ ಸುರುಳಿಗಳನ್ನು ಹೇರಿಕೊಂಡು ನಮ್ಮ ಅಂಗಡಿ ಮುಂದೆ ನಿಲ್ಲಿಸಿದ. ಪೈಪು ಅವನದೇ, ಏರ್‌ಪೋರ್ಟ್ ಮಾಲು. ಮೋಟರು, ಕೇಬಲ್ಲು, ಕ್ಲಾಂಪು, ಹಗ್ಗ ನಮ್ಮಲ್ಲಿ ಬೇಕಿತ್ತು. ಸಾಮಾನು ನೋಡಿಕೊಳ್ಳಲು ಪಂಚಾಯ್ತಿಯವರು ದೊಡ್ಡಪ್ಪನನ್ನು ಜೊತೆಗೆ ಕಳಿಸಿದ್ದರು. ಅವರು ಟೆಂಪೋದಿಂದ ಇಳಿದು ನೇರ ನನ್ನ ಹತ್ತಿರ ಬಂದು, "ಪೈಪ್ ಸಿಕ್ಕಾಪಟ್ಟೆ ಹಗುರ ಐತೆ ಮಗ್ಳೆ, ಒಂಚೂರು ನೋಡು" ಅಂದರು.

ನಾನು ಹೊರಗೆ ಹೋಗಿ ಧೂಳು ಒರೆಸಿ ಓದಿದೆ. ನೂರು ಪಿಎಸ್‌ಐ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದೂ ನಮ್ಮ ಕೇಜಿಯಂಥದ್ದೇ ಅಳತೆ, ಬಿಳಿಯರ ಲೆಕ್ಕದ್ದು. ಉಗುರಗಲದ ಬದಲು ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡು ಭಾರ ಅನ್ನುವುದು. ಒಂದು ಕೇಜಿಗೆ ಹದಿನಾಲ್ಕು ಪಿಎಸ್‌ಐ, ಒಂಚೂರು ಮೇಲೆ. ನೂರು ಅಂದರೆ ಏಳು ಕೇಜಿ. ಏಳು ಕೇಜಿ ಪೈಪು ಇನ್ನೂರಮೂವತ್ತು ಅಡಿಗೆ ಸುಸ್ತು. ನಮ್ಮೂರಿನ ಬೋರಿನಲ್ಲಿ ಮೋಟರ್ ಇಳಿಸಬೇಕಾದ್ದು ಮುನ್ನೂರಿಪ್ಪತ್ತು ಅಡಿಗೆ. ಅದರ ಮೇಲೆ ಟ್ಯಾಂಕಿನ ಎತ್ತರ ನಲವತ್ತು ಅಡಿ. ನೂರಡಿಗೆ ಮೂರರಂತೆ ಹನ್ನೊಂದು ಕೇಜಿಯ ಹತ್ತಿರ ಹೋಗುತ್ತದೆ, ದೇವರ ಪಾಲು ಸೇರಿದರೆ ಹನ್ನೆರಡೂವರೆಯ ಪೈಪು ಬೇಕು.

ಒಳಗೆ ಬಂದು ಹೇಳಿದೆ. ಕಂಟ್ರಾಕ್ಟರ್ ನಕ್ಕ. ಸಿಟ್ಟು ಮಾಡಿಕೊಂಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ, ಅವನು ಮಗುವಿಗೆ ಪಾಠ ಹೇಳುವವನ ಹಾಗೆ ನಕ್ಕ. "ಮುನ್ನೂರಿಪ್ಪತ್ತಡಿ ಅಂದ್ರೆ ತೊಂಬತ್ತೇಳು ಮೀಟ್ರು. ಪೈಪ್ ಮೇಲೆ ನೂರು ಅಂತ ಬರ್ದವ್ರೆ. ಇನ್ನೂ ಮೂರು ಮೀಟ್ರು ಉಳೀತಲ್ಲಮ್ಮ" ಅಂದ. ಅಡಿಯನ್ನು ಮೀಟರಿಗೆ ಸರಿಯಾಗಿಯೇ ತಿರುಗಿಸಿದ್ದ. ಅಷ್ಟು ಸರಿ ಮಾಡಿದ್ದರಿಂದಲೇ ಅವನಿಗೆ ಅಷ್ಟು ಧೈರ್ಯ. ಅದು ಮೀಟರ್ ಅಲ್ಲ, ಪಿಎಸ್‌ಐ ಎಂದು ಬರೆದಿದೆಯಲ್ಲ ಎಂದೆ. ಅದು ಫಾರಿನ್ನಿನ ಗುಣಮಟ್ಟದ ಮಾರ್ಕು, ನಮ್ಮ ಐಎಸ್‌ಐ ಇದ್ದ ಹಾಗೆ, ಮಿಕ್ಸಿ ಮೇಲೆ ನೋಡಿಲ್ಲವಾ ಎಂದು ನನಗೇ ಕೇಳಿದ.

ಡ್ರಾಯರಿನಲ್ಲಿದ್ದ ಪ್ರೆಶರ್ ಗೇಜು ತೆಗೆದೆ. ಗಡಿಯಾರದಂಥ ಮುಖ. ಹೊರಗಿನ ಸುತ್ತಿನಲ್ಲಿ ಕಪ್ಪು ಅಂಕಿ ಪಿಎಸ್‌ಐಗೆ, ಒಳಗಿನ ಸುತ್ತಿನಲ್ಲಿ ಕೆಂಪು ಅಂಕಿ ಕೇಜಿಗೆ. ನೂರರ ಪಕ್ಕದಲ್ಲೇ ಏಳು ಕೂತಿತ್ತು. ಬೆರಳಿಟ್ಟು ತೋರಿಸಿದೆ. ಅವನು ಗೇಜನ್ನು ಕೈಗೂ ತೆಗೆದುಕೊಳ್ಳದೆ, "ಇದು ಗಾಳಿಗೆ. ನೀರಿಗೆ ಲೆಕ್ಕ ಬೇರೆ" ಅಂದ. ಗಾಳಿಯಾದರೇನು ನೀರಾದರೇನು, ಒತ್ತಡ ಒತ್ತಡವೇ ಎಂದು ನಾನು ಇನ್ನೂ ಹೇಳುತ್ತಿದ್ದೆ. ಅಷ್ಟರಲ್ಲಿ ಅವನು ಆ ಕಡೆ ತಿರುಗಿ ನಮ್ಮ ಯಜಮಾನರನ್ನು ಕೇಳಿದ.

"ಏನ್ ಗುರು, ಹಾಕ್ಬೋದಲ್ಲ?"

ಇವರು ಕೇಬಲ್ ಅಳೆಯುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು, ಟೆಂಪೋವನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಕೇಬಲ್ಲನ್ನು ನೋಡಿದರು. ನಾನು ಹೇಳಿದ್ದು ಸರಿ ಎಂದು ಅವರಿಗೆ ಗೊತ್ತಿತ್ತು. ನನ್ನ ಲೆಕ್ಕ ತಪ್ಪಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ. ಆದರೆ ಪಂಚಾಯ್ತಿ ಕೆಲಸ ಹಿಡಿದ ಗಿರಾಕಿ, ಮುಂದೆ ಇನ್ನೂ ಹತ್ತು ಊರಿನ ಕೆಲಸ ತರುವವನು. "ಹಾಕ್ಬೋದು ಸಾರ್, ನೋಡ್ಕೊಂಡು" ಅಂದರು. ನನಗೆ, "ನೀನು ಕ್ಲಾಂಪ್ ಎಣ್ಸು" ಅಂದರು.

ನಾನು ಎಣಿಸಿದೆ. ಇದನ್ನು ಬರೆಯುವಾಗ ಬೇರೆಯವರ ಮೇಲಿನ ಸಿಟ್ಟೆಲ್ಲ ಒಂದು ಕಡೆ, ನನ್ನ ಮೇಲಿನದು ಒಂದು ಕಡೆ. ಅಷ್ಟು ದೊಡ್ಡ ಗಂಟಲಿನವಳು ಆಗ ಬಾಯಿ ಮುಚ್ಚಿಕೊಂಡು ಕ್ಲಾಂಪು ಎಣಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕೊಟ್ಟೆ. ದೊಡ್ಡಪ್ಪ ಮಾತ್ರ ಹೊರಡುವಾಗ ನನ್ನ ಹತ್ತಿರ ಬಂದು, ಹಾಗಾದರೆ ಇದನ್ನು ಇಳಿಸಬಾರದು ಅಲ್ಲವಾ ಎಂದು ಮೆಲ್ಲಗೆ ಕೇಳಿದರು. ಇಳಿಸಬಾರದು ದೊಡ್ಡಪ್ಪ, ಏಳೇ ಕೇಜಿ ಅದು, ಪಂಚಾಯ್ತಿಯಲ್ಲಿ ಹೇಳಿ ಎಂದೆ. ಅವರು ಹೇಳಿದರು. ಹೇಳಿದ್ದಕ್ಕೆ, ನಿನ್ನ ಕೆಲಸ ಕೀಲಿ ತಿರುಗಿಸುವುದು, ಅದನ್ನು ಮಾಡು ಎಂದು ಅಲ್ಲಿ ಬೈದು ಕಳಿಸಿದರಂತೆ. ನಾನು ಅವ್ವನಿಗೂ ಫೋನು ಮಾಡಿದೆ. ಊರಲ್ಲಿ ಗಂಡಸರಿದ್ದಾರೆ, ನೋಡಿಕೊಳ್ಳುತ್ತಾರೆ ಅಂದಳು.

ಗಂಡಸರು ನೋಡಿಕೊಂಡರು. ಪೈಪು ಇಳಿಯಿತು, ತೆಂಗಿನಕಾಯಿ ಒಡೆದರು, ತಿಳಿನೀರು ಬಂತು. ಅವ್ವ ಫೋನು ಮಾಡಿ, ನೀನು ಸುಮ್ಮನೆ ಹೆದರಿಸಿದೆ ಅಂದಳು. ಪೈಪು ಹಾಗೆಲ್ಲ ಮೊದಲ ದಿನವೇ ಒಡೆಯುವುದಿಲ್ಲ. ಅದಕ್ಕೂ ಒಂದಿಷ್ಟು ತಾಳ್ಮೆ ಇಟ್ಟೇ ಮಾಡಿರುತ್ತಾರೆ. ದಿನಾ ಹಿಗ್ಗಿ, ದಿನಾ ಕುಗ್ಗಿ, ಕರೆಂಟು ಹೋಗಿ ಬಂದಾಗಲೆಲ್ಲ ಒದೆ ತಿಂದು, ಒಂದೂವರೆ ತಿಂಗಳಿಗೆ ಸೋತಿತು. ಆವತ್ತು ಬೆಳಿಗ್ಗೆ ದೊಡ್ಡಪ್ಪ ಮೋಟರ್ ಹಾಕಿದರೆ ಟ್ಯಾಂಕಿಗೆ ಒಂದು ತೊಟ್ಟು ಏರಲಿಲ್ಲ. ಬೋರಿನ ಬಾಯಿಗೆ ಕಿವಿ ಇಟ್ಟರೆ ಒಳಗೆ ಎಲ್ಲೋ ನೀರು ಧೋ ಎಂದು ಸುರಿಯುವ ಸದ್ದು. ಕಂಟ್ರಾಕ್ಟರನ ಆಳುಗಳು ಬಂದು ಎಳೆದರು. ಸೀಳಿದ್ದ ಕಡೆ ಪೈಪು ಹರಿದುಕೊಂಡು ಬಂತು, ಹಗ್ಗ ತುಂಡಾಯಿತು, ಮೋಟರೂ ಉಳಿದ ಪೈಪೂ ಕೆಳಗೆ ಹೋಗಿ ಸಿಕ್ಕಿಹಾಕಿಕೊಂಡವು. ಮೂರು ದಿನ ಕೊಕ್ಕೆ ಬಿಟ್ಟು ನೋಡಿದರು. ನಾಲ್ಕನೇ ದಿನ ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿದರು.

ಅಷ್ಟು ವರ್ಷ ನೀರು ಕೊಟ್ಟ ಬೋರು ಹೋಯಿತು. ಯಾರೋ ಒಬ್ಬರ ತಪ್ಪು ಆಗಬೇಕಿತ್ತು. ಕಂಟ್ರಾಕ್ಟರ್ ಒಂದೇ ಮಾತಿನಲ್ಲಿ ತೀರಿಸಿದ: ನೀರುಗಂಟಿ ಪದೇ ಪದೇ ಆನ್ ಆಫ್ ಮಾಡಿ ಪೈಪು ಒಡೆದ. ಕರೆಂಟು ಹೋಗುತ್ತಿದ್ದದ್ದು ಊರಿಗೆಲ್ಲ ಗೊತ್ತು, ಬಂದ ಕೂಡಲೇ ಮೋಟರ್ ಹಾಕಿ ಎಂದು ಇದೇ ಜನ ಅವರ ಬಾಗಿಲು ಬಡಿಯುತ್ತಿದ್ದದ್ದೂ ಗೊತ್ತು. ಆದರೂ ಪಂಚಾಯ್ತಿಯವರು ಅವರ ಕೈಯಿಂದ ಕೀಲಿ ಕಿತ್ತುಕೊಂಡು ಆಫೀಸಿನ ಮೂಲೆಗೆ ಇಟ್ಟರು. ನೀರಿಗಾಗಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ಹೆಂಗಸರು ದೊಡ್ಡಪ್ಪ ಆ ಕಡೆ ಬಂದರೆ ಮುಖ ತಿರುಗಿಸುತ್ತಿದ್ದರಂತೆ. ಅವ್ವನೂ ಅವರಲ್ಲಿ ಒಬ್ಬಳು. ಇದನ್ನು ಅವಳೇ ನನಗೆ ಹೇಳಿದಳು, ನಾಚಿಕೆಯಿಲ್ಲದೆ.

ಆ ಫೋನು ಇಟ್ಟ ಮೇಲೆ ನಾನು ಇವರ ಜೊತೆ ಮಾತು ಬಿಟ್ಟೆ. ಅನ್ನ ಹಾಕಿದೆ, ಬಟ್ಟೆ ಒಗೆದೆ, ಬಿಲ್ಲು ಬರೆದೆ, ಮಾತಾಡಲಿಲ್ಲ. ನಾಲ್ಕನೇ ದಿನ ಇವರೇ ಕೇಳಿದರು, ಈಗ ಏನು ಮಾಡಬೇಕು ಅಂತೀಯ ಎಂದು. ಭಾನುವಾರ ಪಂಚಾಯ್ತಿಯಲ್ಲಿ ದೊಡ್ಡಪ್ಪನ ವಿಚಾರಣೆ ಇದೆ, ನಾನು ಹೋಗುತ್ತೇನೆ, ಬರುವುದಾದರೆ ಬನ್ನಿ ಎಂದೆ. ಬಂದರು. ಬಸ್ಸಿನಲ್ಲಿ ನಾನು ಮುಂದೆ ಕೂತೆ, ಅವರು ಹಿಂದೆ. ಗೇಜು ನನ್ನ ಬ್ಯಾಗಿನಲ್ಲಿತ್ತು.

ಸಭೆ ಪಂಚಾಯ್ತಿ ಆಫೀಸಿನ ಪಡಸಾಲೆಯಲ್ಲಿ. ಆ ಸಲ ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲು. ಅಧ್ಯಕ್ಷೆ ಗೋಡೆ ಪಕ್ಕದ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದಳು, ಕುರ್ಚಿಯಲ್ಲಿ ಅವಳ ಗಂಡ ಕೂತಿದ್ದ. ಕಂಟ್ರಾಕ್ಟರ್ ಅವನ ಪಕ್ಕದಲ್ಲಿ. ದೊಡ್ಡಪ್ಪ ನಿಂತಿದ್ದರು. ಹೆಗಲ ಮೇಲೆ ಕೀಲಿ ಇಲ್ಲದೆ ಅವರ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ, ಒಂದರೊಳಗೊಂದು ಉಜ್ಜಿಕೊಳ್ಳುತ್ತಿದ್ದವು.

ನಾನು ಎದ್ದು ನಿಂತೆ. ಊರಿನ ಮಗಳು ಮಾತಾಡುತ್ತಾಳಂತೆ ಎಂದು ಯಾರೋ ನಕ್ಕರು. ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೋರಿನ ಚಿತ್ರ ಬರೆದೆ. ಮುನ್ನೂರಿಪ್ಪತ್ತಡಿ ಗೆರೆ ಎಳೆದು ಪ್ರತಿ ನೂರಡಿಗೆ ಮೂರು ಕೇಜಿ ಬರೆದೆ. ಟ್ಯಾಂಕಿನ ನಲವತ್ತಡಿ ಸೇರಿಸಿದೆ. ಹನ್ನೊಂದು. ಪಕ್ಕದಲ್ಲಿ ಪೈಪಿನ ಮೇಲಿದ್ದ ನೂರನ್ನು ಬರೆದು, ಗೇಜನ್ನು ಕೈಯಿಂದ ಕೈಗೆ ಕೊಟ್ಟು, ಕಪ್ಪು ನೂರರ ಪಕ್ಕ ಕೆಂಪು ಎಷ್ಟಿದೆ ನೀವೇ ಓದಿ ಎಂದೆ. ಒಬ್ಬೊಬ್ಬರೂ ಓದಿದರು. ಏಳು, ಏಳು, ಏಳು ಎಂದರು. ಹನ್ನೊಂದು ಕೇಜಿ ಭಾರ ಬೀಳುವ ಕಡೆ ಏಳು ಕೇಜಿ ಪೈಪು ಹಾಕಿದರೆ ಒಡೆದದ್ದು ಯಾರ ತಪ್ಪು ಎಂದು ಕೇಳಿದೆ. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಅದರ ನಡುವೆ ಕಂಟ್ರಾಕ್ಟರ್ ಎಂಟು ಸಲ ಬಾಯಿ ಹಾಕಿದ. ದೊಡ್ಡಪ್ಪ ಒಂದೇ ಸಲ ಮಾತಾಡಿದರು: "ಮಗ್ಳು ಆವತ್ತೇ ಅಂಗ್ಡೀಲಿ ಹೇಳಿದ್ಲು. ನಾನು ಬಂದು ನಿಮ್ಗೆ ಹೇಳ್ದೆ."

ಯಾರೂ ಅವರ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಎಲ್ಲರೂ ನೆಲದ ಮೇಲಿನ ಅಂಕಿಗಳನ್ನು ನೋಡುತ್ತ ಕೂತಿದ್ದರು, ಅವು ಬೇರೆ ಯಾರಾದರೂ ಬಂದು ಓದಿ ಹೇಳಬೇಕಾದವು ಅನ್ನುವ ಹಾಗೆ. ಕೊನೆಗೆ ಕುರ್ಚಿಯಲ್ಲಿದ್ದವನು ಗಂಟಲು ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತಿದ್ದ ಇವರನ್ನು ಕರೆದ. "ಅಳಿಯಂದ್ರು ಹೇಳ್ಲಿ. ನೀವು ಕಸುಬು ತಿಳ್ದೋರು. ಏನಿದು?"

ಇವರು ಒಳಗೆ ಬಂದರು. ಆವತ್ತು ಹಾಕಬಹುದು ಅಂದದ್ದು ತಮ್ಮ ತಪ್ಪು ಎಂದು ಇವರಾದರೂ ಒಪ್ಪಿಕೊಳ್ಳುತ್ತಾರೆ ಎಂದು ನಾನು ಕಾದೆ. ನೆಲ ನೋಡುತ್ತ ಹೇಳಿದರು: "ಪೈಪ್ ಏಳ್ ಕೇಜೀದೇ. ತಡಿಯಲ್ಲ ಅಂತ ನಾವು ಆವತ್ತೇ ಹೇಳಿದ್ವಿ."

ನಾವು ಹೇಳಿದ್ವಿ. ಅಲ್ಲಿಯೇ ಕೂಗಿಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು, ನೀವು ಹೇಳಿದ್ದು ಹಾಕಬಹುದು ಸಾರ್ ಎಂದು, ನನಗೆ ಹೇಳಿದ್ದು ಕ್ಲಾಂಪು ಎಣಿಸು ಎಂದು. ಆದರೆ ಆ ಒಂದು ವಾಕ್ಯಕ್ಕೆ ಇಡೀ ಪಡಸಾಲೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಬಾಯಿ ಬಿಟ್ಟರೆ ಇವರ ಮಾತು ಸುಳ್ಳಾಗುತ್ತದೆ, ಇವರ ಮಾತು ಸುಳ್ಳಾದರೆ ದೊಡ್ಡಪ್ಪನ ಕೆಲಸ ಹೋಗುತ್ತದೆ. ದೊಡ್ಡಪ್ಪನ ಮುಖ ನೋಡಿ ಸೀಮೆಸುಣ್ಣವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೆ. ಅದು ಪುಡಿಯಾಗಿ ನನ್ನ ಸೀರೆಗೆಲ್ಲ ಬಿತ್ತು.

ಅಲ್ಲಿಂದ ಮುಂದೆ ಐದು ನಿಮಿಷದ ಕೆಲಸ. ಅಳಿಯಂದಿರೇ ಹೇಳಿದ ಮೇಲೆ ಮುಗಿಯಿತು ಅಂದರು. ಮೂಲೆಯಿಂದ ಕೀಲಿ ತರಿಸಿ ದೊಡ್ಡಪ್ಪನ ಕೈಗೆ ಕೊಟ್ಟರು. ಅವರು ಅದನ್ನು ಹೆಗಲ ಮೇಲಿಟ್ಟುಕೊಂಡು ಇವರಿಗೆ ಎರಡೂ ಕೈ ಜೋಡಿಸಿದರು. ಇವರು ಹಾಕಬಹುದು ಅಂದದ್ದನ್ನು ಕಂಟ್ರಾಕ್ಟರ್ ಎತ್ತಲಿಲ್ಲ, ಎತ್ತಿದರೆ ಅದಕ್ಕೂ ಮೊದಲು ನಾನು ಬೇಡ ಅಂದದ್ದನ್ನು ಅವನೂ ಒಪ್ಪಬೇಕಿತ್ತು. ಯಾರದೂ ತಪ್ಪಲ್ಲ, ಫಾರಿನ್ ಮಾಲಿನ ಲೆಕ್ಕವೇ ಹಾಗೆ, ಗೊಂದಲ ಎಂದು ಹೇಳಿ ಕಾರು ಹತ್ತಿದ. ಗೊಂದಲವಂತೆ. ಪೈಪಿನ ಮೇಲೆ ಬರೆದಿತ್ತು, ಗೇಜಿನ ಮೇಲೆ ಬರೆದಿತ್ತು, ನಾನು ಬಾಯಿಬಿಟ್ಟು ಹೇಳಿದ್ದೆ.

ಅವ್ವ ಊಟಕ್ಕೆ ನಿಲ್ಲಿಸಿಕೊಂಡಳು. ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು, ಅಷ್ಟು ಜನ ಗಂಡಸರ ಮುಂದೆ ನೆಲದ ಮೇಲೆ ಕೂತು ಗೀಚಬಾರದಿತ್ತು, ಅಳಿಯಂದಿರು ಬಾಯಿ ಬಿಟ್ಟರು ಅಂತ ನಿನ್ನ ಮರ್ಯಾದೆ ಉಳಿಯಿತು ಎಂದಳು. ಅವರು ಆವತ್ತೇ ಬಾಯಿ ಬಿಟ್ಟಿದ್ದರೆ ಬೋರು ಉಳಿಯುತ್ತಿತ್ತು ಎಂದೆ. ಅವರು ಅಂಗಡಿ ನಡೆಸಬೇಡವಾ ಎಂದಳು. ಆ ಮಾತಿನ ಮೇಲೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಬಂದೆ.

ಜಗುಲಿಯ ಮೇಲೆ ಇವರು ಕೂತಿದ್ದರು. ಊರಿನ ನಾಲ್ಕು ಜನ ಸುತ್ತ ಕೂತಿದ್ದರು, ಒಬ್ಬರು ಎಲೆಯಡಿಕೆ ತಟ್ಟೆ ಮುಂದಿಟ್ಟಿದ್ದರು. ಹೊಸ ಬೋರು ಕೊರೆಸುತ್ತಾರಂತೆ, ಏಳ್ನೂರು ಅಡಿಗೆ ಮೋಟರ್ ಇಳಿಸಬೇಕಾಗಬಹುದಂತೆ, ಈ ಸಲ ಮೋಸ ಹೋಗುವುದು ಬೇಡ, ಎಂಥ ಪೈಪು ಹಾಕಿಸಬೇಕು ನೀವೇ ಹೇಳಿ ಎಂದು ಇವರನ್ನು ಕೇಳುತ್ತಿದ್ದರು. ಇವರು ಎಲೆಯ ತೊಟ್ಟು ಮುರಿದರು. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದರು.

ಹೇಳಬಾರದು ಅನ್ನಿಸಿತು. ಹೇಳದೆ ಇದ್ದಿದ್ದರೆ ಅಲ್ಲೇ, ಆ ನಾಲ್ವರ ಮುಂದೆ, ಇವರಿಗೆ ಕಸುಬಿನ ಲೆಕ್ಕ ಎಷ್ಟು ತಿಳಿದಿದೆ ಅನ್ನುವುದು ಬಯಲಾಗುತ್ತಿತ್ತು. ಅದನ್ನು ನೋಡುವ ಆಸೆಯೂ ನನಗಾಯಿತು. ಆದರೆ ಅಂಗಳದಲ್ಲಿ ಅವ್ವನ ಕೊಡಗಳು ಸಾಲಾಗಿ ಬರಿದೇ ನಿಂತಿದ್ದವು.

"ಏಳ್ನೂರಡಿಗೆ ಇಪ್ಪತ್ತೊಂದು ಕೇಜಿ. ಕಪ್ಪು ಪೈಪ್ ತಡಿಯಲ್ಲ, ಕಬ್ಬಿಣದ್ದೇ ಹಾಕ್ಸಿ" ಅಂದೆ.

ಇವರು ಅವರ ಕಡೆ ತಿರುಗಿ, "ಇಪ್ಪತ್ತೊಂದು ಕೇಜಿ ಬೀಳುತ್ತೆ. ಕಬ್ಬಿಣದ್ದೇ ಹಾಕ್ಸಿ" ಅಂದರು. ನಾಲ್ವರೂ ತಲೆಯಾಡಿಸಿದರು. ಅವರಲ್ಲಿ ಹಿರಿಯನಾದವನು ಎಲೆಗೆ ಸುಣ್ಣ ಹಚ್ಚುತ್ತ, ತಿಳಿದವರನ್ನು ಮೊದಲೇ ಕೇಳಿದ್ದಿದ್ದರೆ ನಮ್ಮ ಬೋರು ಹೋಗುತ್ತಿರಲಿಲ್ಲ ಎಂದ.